ನನ್ನ ಮಗಳ ಮುಟ್ಟು, ನಮ್ಮಮ್ಮನ ಅಮಾವಾಸ್ಯೆ

ನಮ್ಮಮ್ಮ ಹೆಂಗಸರ ಮೈಯನ್ನು ಅಳೆಯುವುದು ಅಮಾವಾಸ್ಯೆಯಿಂದ. ಒಂದು ಅಮಾವಾಸ್ಯೆ ಕಳೆದು ಇನ್ನೊಂದು ಬರುವುದರೊಳಗೆ ಮುಟ್ಟಾಗಲೇಬೇಕು, ಆಗದಿದ್ದರೆ ಏನೋ ಕೆಟ್ಟಿದೆ ಎಂದೇ ಅರ್ಥ. ನನ್ನ ಮಗಳು ದೊಡ್ಡವಳಾಗಿ ಇನ್ನೂ ವರ್ಷ ತುಂಬಿರಲಿಲ್ಲ. ದೊಡ್ಡವಳಾದಾಗ ಜೋಗುಪಾಳ್ಯದ ನಮ್ಮ ಬೀದಿಗೆ ಶಾಮಿಯಾನ ಹಾಕಿಸಿ, ಅವಳ ಫೋಟೊ ಇರುವ ಫ್ಲೆಕ್ಸ್ ಕಟ್ಟಿಸಿ ಆರತಿ ಮಾಡಿದ್ದೆವು. ಬೀದಿಗೆಲ್ಲ ಸಾರಿದವರು ನಾವೇ. ಆಮೇಲೆ ಒಂದು ತಿಂಗಳು ಮುಟ್ಟು ಬರದಿದ್ದಾಗ ಪಿಸುಪಿಸು ಮಾತಾಡಿದ್ದೂ ನಮ್ಮ ಮನೆಯ ಹೆಂಗಸರೇ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಆಟೊ ಸೀಟಿಗೆ ರೆಕ್ಸಿನ್ ಹೊಲಿಯಲು ಕೂತವನು. ಇವತ್ತು ಹಲಸೂರಿನಲ್ಲಿ ಸ್ವಂತ ಅಂಗಡಿ ಇದೆ. ಗೊತ್ತಿಲ್ಲದ್ದನ್ನು ಕೇಳಿ ಕೇಳಿಯೇ ಕೆಲಸ ಕಲಿತೆ, ಕೇಳುವುದಕ್ಕೆ ನಾಚಿಕೆಪಟ್ಟವನಲ್ಲ. ಆದರೆ ಮನೆಯೊಳಗಿನ ಈ ಸುದ್ದಿ ನನ್ನ ಕಿವಿಗೆ ಬೀಳಲೇ ಇಲ್ಲ. ಕಂಡದ್ದು ಎಳ್ಳುಂಡೆ, ಪರಂಗಿಹಣ್ಣು, ಮತ್ತೆ ಎಳ್ಳುಂಡೆ. ಮುಟ್ಟು ಬರಲಿ ಎಂದು ಅಮ್ಮ ಮೂರು ಹೊತ್ತೂ ಮಗಳ ಬಾಯಿಗೆ ತುರುಕುತ್ತಿದ್ದಳು. ಕೊನೆಗೆ ಮಗಳ ಆಟದ ಶೂವನ್ನೂ ಸಜ್ಜೆಯ ಮೇಲೆ ಪಾತ್ರೆಗಳ ಹಿಂದೆ ಬಚ್ಚಿಟ್ಟಳು. ಆ ಶನಿವಾರವೇ ಶಾಲೆಯ ಖೋಖೋ ಪಂದ್ಯ. ಹುಡುಗಿ ಅಳುತ್ತ ಅಂಗಡಿಗೇ ಬಂದಳು. ಆಗಲೇ ನನಗೆ ಎಲ್ಲ ಗೊತ್ತಾಗಿದ್ದು. ಮನೆಗೆ ಹೋಗಿ ಅಮ್ಮನನ್ನು ಕೇಳಿದೆ.

"ಓಡೀ ಓಡೀ ಒಳಗೆಲ್ಲ ಜಾರಿಹೋಗಿದೆ ಕಣೋ. ಆಟ ಬಿಟ್ರೆ ತಾನೇ ಸರಿಹೋಗುತ್ತೆ," ಎಂದಳು ಅಮ್ಮ.

"ಯಾರು ಹೇಳಿದ್ದು ನಿಂಗೆ?"

"ಯಾರು ಹೇಳ್ಬೇಕು? ಐದು ಹೆತ್ತೋಳು ನಾನು. ಗಂಡಸಿಗೆ ಯಾಕೋ ಈ ಪಂಚಾಯ್ತಿ? ಅಂಗಡಿ ನೋಡ್ಕೊ ಹೋಗು."

ನನ್ನ ಹೆಂಡತಿ ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿನ ಆಚೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವಳು. "ಚಿಕ್ಕವಳಿದ್ದಾಗ ನಂಗೂ ಹಿಂಗೇ ಆಗ್ತಿತ್ತು ರೀ. ಯಾರನ್ನ ಕೇಳೋದು ಅಂತ ಸುಮ್ನಾದೆ," ಎಂದಳು. ಅವಳಿಗೆ ರಜೆ ಸಿಗಲಿಲ್ಲ. ನಾನೇ ಶಟರ್ ಎಳೆದು ಮಗಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಬೆಂಚಿನ ತುಂಬ ಹೆಂಗಸರು. ಎಲ್ಲರ ಕಣ್ಣೂ ನನ್ನ ಮೇಲೆ.

"ತಾಯಿ ಬಂದಿಲ್ವಾ?" ಎಂದರು ನರ್ಸ್.

"ಅಪ್ಪ ಬಂದಿದೀನಲ್ಲ ಮೇಡಂ, ಸಾಲ್ದಾ?"

ಒಳಗೆ ಡಾಕ್ಟರಮ್ಮ ಮಗಳನ್ನೇ ಕೇಳಿದರು: "ಅಪ್ಪ ಇಲ್ಲೇ ಇರ್ಲಾ, ಆಚೆ ಕಳಿಸ್ಲಾ?"

"ಇರ್ಲಿ ಡಾಕ್ಟ್ರೇ. ಮನೇಲಿ ಅಜ್ಜಿ ಹತ್ರ ಬೈಸ್ಕೊಳೋಕೆ ಒಬ್ರು ಬೇಕಲ್ಲ."

ಡಾಕ್ಟರಮ್ಮ ನಕ್ಕರು. ಮಗಳನ್ನು ಎಲ್ಲ ವಿಚಾರಿಸಿ, ಪರೀಕ್ಷೆ ಮಾಡಿ, ಆಮೇಲೆ ಬಿಡಿಸಿ ಹೇಳಿದರು. ಲೆಕ್ಕ ಹಿಡಿಯಬೇಕಾದದ್ದು ಮುಟ್ಟಾದ ಮೊದಲ ದಿನದಿಂದ ಮುಂದಿನ ಸಲದ ಮೊದಲ ದಿನಕ್ಕೆ, ಅಮಾವಾಸ್ಯೆಯಿಂದಲ್ಲ. ಈ ವಯಸ್ಸಿನ ಹುಡುಗಿಯರಲ್ಲಿ ಅದು ಮೂರು ವಾರಕ್ಕೂ ಬರಬಹುದು, ಆರು ವಾರಕ್ಕೂ ಬರಬಹುದು. ಮೊದಲ ಒಂದೆರಡು ವರ್ಷ ಹಿಂದುಮುಂದಾಗುವುದು ಸಹಜ, ಮೈ ಇನ್ನೂ ಪಳಗುತ್ತಿರುತ್ತದೆ. ಸ್ರಾವ ಒಂದು ವಾರದೊಳಗೆ ನಿಂತರೆ ಸರಿ. ಮೂರು ತಿಂಗಳಾದರೂ ಬರದಿದ್ದರೆ, ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ ಹೋದರೆ, ಏಳಲಾಗದಷ್ಟು ನೋವಿದ್ದರೆ ತಡಮಾಡದೆ ಬರಬೇಕು.

"ಖೋಖೋ ಆಡಿದ್ರೆ?" ಎಂದೆ.

"ಆಡ್ಲಿ. ಹೊಟ್ಟೆ ತುಂಬ ಊಟ ಮಾಡ್ಲಿ. ಮುಟ್ಟಾದ ದಿನಾನೂ ಆಡ್ಬಹುದು, ಅವಳಿಗೆ ಆಗುತ್ತೆ ಅನ್ಸಿದ್ರೆ."

ಇಷ್ಟೇ ವಿಷಯ. ಇಷ್ಟನ್ನು ಕೇಳುವ ಬದಲು ನಮ್ಮ ಮನೆ ಒಂದು ಹುಡುಗಿಯ ಕಾಲು ಕಟ್ಟಲು ಹೊರಟಿತ್ತು.

ಮನೆಗೆ ಬಂದು ಅಮ್ಮನ ಎದುರು ಕೂತು ಎಲ್ಲವನ್ನೂ ಹೇಳಿದೆ. ಮುಟ್ಟು ಎಂಬ ಮಾತನ್ನು ನುಂಗದೆ ಹೇಳಿದೆ. ಅಮ್ಮ ಸೆರಗಿನಿಂದ ಕಿವಿ ಮುಚ್ಚಿಕೊಂಡಳು. "ಥೂ, ನಾಚಿಕೆಗೆಟ್ಟವನೆ!"

"ಹೌದಮ್ಮ, ಕೆಟ್ಟೆ. ನಾಚಿಕೊಂಡು ಕೂತಿದ್ರೆ ಇವಳೂ ಮೂಲೇಲಿ ಕೂರ್ತಿದ್ಲು."

ಸ್ಟೂಲ್ ಹತ್ತಿ ಶೂ ಇಳಿಸಿದೆ.

ಶನಿವಾರ ಬೆಳಿಗ್ಗೆ ಅಮ್ಮ ಹೊಸ್ತಿಲಿಗೆ ಅಡ್ಡವಾಗಿ ಕಾಲು ಚಾಚಿ ಕೂತಿದ್ದಳು. ಹಿರಿಯರ ಕಾಲು ದಾಟುವ ಹಾಗಿಲ್ಲ, ಅದು ಅವಳಿಗೂ ಗೊತ್ತು.

"ದಾರಿ ಬಿಡಮ್ಮ," ಎಂದೆ.

"ನಾಳೆ ಏನಾದ್ರೂ ಆದ್ರೆ?"

"ಮತ್ತೆ ಆಸ್ಪತ್ರೆಗೆ ನಾನೇ ಕರ್ಕೊಂಡೋಗ್ತೀನಿ."

ಮಗಳು ಅಜ್ಜಿಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಲೇಸು ಕಟ್ಟಿಕೊಂಡಳು, ಎದ್ದು ಕಾದು ನಿಂತಳು. ನಾನೂ ನಿಂತೆ. ಬಹಳ ಹೊತ್ತಿನ ಮೇಲೆ ಅಮ್ಮ ಬೀದಿಯ ಕಡೆ ಮುಖ ತಿರುಗಿಸಿ, ಗೊಣಗುತ್ತಲೇ ಒಂದು ಕಾಲು ಮಡಚಿಕೊಂಡಳು. ಹುಡುಗಿ ನುಸುಳುವಷ್ಟು ಜಾಗವಾಯಿತು.