ಅಪ್ಪನಿಗಿಂತ ಹಿರಿಯ ಮಗಳು

ಮೇಕಪ್ ಅಕ್ಕನಿಗೆ ಕಣ್ಣು ಮಂಜಾಗಿದೆ ಎಂದೇ ನಾನು ಮೊದಲು ತಿಳಿದಿದ್ದೆ. ಸ್ಟುಡಿಯೋದ ಕನ್ನಡಿ ಕೋಣೆಯಲ್ಲಿ ಅವಳು ಎಳೆಯ ನಟಿಯೊಬ್ಬಳ ಮುಖಕ್ಕೆ ರಬ್ಬರ್ ಚರ್ಮ ಅಂಟಿಸಿ, ಅದರ ಮೇಲೆ ಸುಕ್ಕು ಬರೆಯುತ್ತಿದ್ದಳು.

“ಅಕ್ಕಾ, ಇವಳು ಮಗಳ ಪಾತ್ರ! ಮುದುಕ ಆಗ್ಬೇಕಾದ್ದು ಅಪ್ಪ.”

“ಕಥೆ ಓದಿದ್ದೀರಾ?”

ಓದಿರಲಿಲ್ಲ. ನನ್ನನ್ನು ಕರೆಸಿದ್ದು ನಗೆಮಾತು ಬರೆಯಲು. ಉಳಿದ ಕಥೆ ಓದುವಷ್ಟು ಕೆಳಗಿಳಿಯುವುದು ನಮ್ಮಂಥವರಿಗೆ ಶೋಭಿಸುವುದಿಲ್ಲ.

“ಅಪ್ಪ ಆಕಾಶನೌಕೇಲಿ ಹೆಚ್ಚೂಕಮ್ಮಿ ಬೆಳಕಿನಷ್ಟೇ ಜೋರಾಗಿ ಹೋಗಿ ಬಂದಿದ್ದಾನೆ ಕಣ್ರೀ. ಹಾಗೆ ಹೋದವನ ಕಾಲ ನಿಧಾನ. ಅವನಿಗೆ ಒಂದೆರಡು ವರ್ಷ, ಇಲ್ಲಿ ಕೂತವಳಿಗೆ ಇಡೀ ಆಯಸ್ಸು. ಕಟ್ಟುಕಥೆ ಅಲ್ಲ, ವಿಜ್ಞಾನ! ನೆನೆಸ್ಕೊಂಡ್ರೆ ಮೈ ಜುಮ್ ಅನ್ನುತ್ತೆ!” ಕೈಯಲ್ಲಿದ್ದ ಕುಂಚವೂ ಕುಣಿಯುತ್ತಿತ್ತು. “ಈ ಹಣೆ ನೋಡಿ. ಅಪ್ಪ ಬರ್ತಾನಂತ ಮೇಲೇ ನೋಡ್ತಾ ಕಾದವಳು. ಗೆರೆ ಅಲ್ಲೇ ಬೀಳ್ಬೇಕು.”

ವರ್ಷಗಟ್ಟಲೆ ಇನ್ನೊಬ್ಬರಿಗೆ ಪೌಡರ್ ಡಬ್ಬಿ ಹಿಡಿದವಳಿಗೆ ಇದು ಮೊದಲ ಸ್ವತಂತ್ರ ಚಿತ್ರ. ಅಂದು ಅಪ್ಪ–ಮಗಳು ಭೇಟಿಯಾಗುವ ದೃಶ್ಯ. ಅದು ಕೆಟ್ಟರೆ ಅವಳು ಮತ್ತೆ ಡಬ್ಬಿಗೇ. ಸೆಟ್ ಕಳಚುವವರು ಆಗಲೇ ಸುತ್ತಿಗೆ ಹಿಡಿದು ಕಾಯುತ್ತಿದ್ದರು.

ಸೆಟ್ಟಿನಲ್ಲಿ ನೌಕೆಯ ಬಾಗಿಲು ತೆರೆಯಿತು. ಹೊಗೆಯ ನಡುವೆ ನಾಯಕನಟ ಇಳಿದ. ಕಿವಿಯ ಪಕ್ಕ ನರೆ, ಮೀಸೆಯೂ ಬೆಳ್ಳಗೆ! ತನ್ನ ವ್ಯಾನಿನಲ್ಲಿ ಕೂತು ತಾನೇ ಬಳಿದುಕೊಂಡಿದ್ದ.

“ನಿಲ್ಸಿ!” ಅಕ್ಕ ಒದ್ದೆ ಬಟ್ಟೆ ಹಿಡಿದು ಕ್ಯಾಮೆರಾ ಮುಂದೆಯೇ ಓಡಿದಳು.

“ಅಷ್ಟು ದೂರ ಹೋಗಿ ಬಂದೋನು ಸ್ವಲ್ಪ ಗಂಭೀರವಾಗಿ ಕಾಣ್ಬೇಡ್ವಾ? ನಾನ್ಯಾರು ಗೊತ್ತಾ?”

“ಗೊತ್ತು. ಇವಳ ಅಪ್ಪ. ನೀವೂ ಮುದುಕ ಆಗ್ಬಿಟ್ರೆ ಇದು ಬಸ್ಸು ಲೇಟಾದ ಕಥೆ ಆಗುತ್ತೆ, ಸಾರ್!”

ನಿರ್ದೇಶಕ ಕೆಮ್ಮುವವನಂತೆ ಬಾಯಿ ಮುಚ್ಚಿಕೊಂಡ. ಆ ಮಾತು ನನಗೆ ಹೊಳೆಯಲಿಲ್ಲವಲ್ಲ ಎಂದು ನನ್ನ ಹೊಟ್ಟೆ ಉರಿಯಿತು.

ಆಗ ಅಜ್ಜಿಯಾಗಿದ್ದ ಮಗಳು ನಿಧಾನವಾಗಿ ಮುಂದೆ ಬಂದು, ಹಣೆಯ ಗೆರೆಗಳನ್ನೆಲ್ಲ ಎತ್ತಿ ಅವನನ್ನು ನೋಡಿದಳು. “ಅಪ್ಪಾ, ನೀನು ಹೋದ ಹಾಗೇ ಬರ್ತೀಯಂತ ಕಾದೆ.”

ನಾಯಕನಟ ಆ ಹಣೆಯನ್ನೇ ನೋಡುತ್ತ ನಿಂತ. ಆಮೇಲೆ ಅಕ್ಕನ ಕೈಯಿಂದ ಬಟ್ಟೆ ಕಿತ್ತುಕೊಂಡು ನರೆಯನ್ನೂ ಮೀಸೆಯನ್ನೂ ಒರೆಸಿಕೊಂಡ.

ಮತ್ತೆ ಬಾಗಿಲು ತೆರೆಯಿತು. ಕಪ್ಪು ಮೀಸೆಯ ಅಪ್ಪ ಮುದಿ ಮಗಳನ್ನು ತಬ್ಬಿದ. ಸುತ್ತಿಗೆಯವರೂ ಕಣ್ಣೊರೆಸಿಕೊಂಡರು. “ಓಕೆ!” ಎಂದು ನಿರ್ದೇಶಕ ಕೂಗಿದ್ದೇ ತಡ, ಅಕ್ಕ ಪೌಡರ್ ಡಬ್ಬಿಯನ್ನು ಗಾಳಿಗೆ ಎಸೆದಳು, ನಾವೆಲ್ಲ ಬೆಳ್ಳಗಾದೆವು.

ಬೋಳುತಲೆಯ ಪೌಡರ್ ಒರೆಸಿಕೊಳ್ಳುತ್ತ ಕೇಳಿದೆ: “ಅಕ್ಕಾ, ಆ ನೌಕೇಲಿ ಹೋಗಿ ಬಂದ್ರೆ ನನ್ನ ಕೂದಲು ವಾಪಸ್ ಬರುತ್ತಾ?”

“ಇಲ್ಲ. ಇರೋ ನಾಲ್ಕು ನಿಧಾನವಾಗಿ ಉದುರ್ತವೆ, ಅಷ್ಟೇ.”