ಕಂಬಳಿಯ ಮೇಲಿನ ಗೆರೆ

ಆಗ ನನಗೆ ಅರವತ್ತಾರು ವರ್ಷ. ಇದು ನಡೆದು ಮೂರು ವರ್ಷವಾಯಿತು. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನ್ನ ಎಡ ಭುಜದ ಮೂಳೆ ಇವತ್ತಿಗೂ ನೆಟ್ಟಗೆ ಕೂಡಿಲ್ಲ. ಕಥೆ ಕಟ್ಟಲು ಯಾರೂ ಮೂಳೆ ಮುರಿದುಕೊಳ್ಳುವುದಿಲ್ಲ.

ತಮಿಳು ಸೀಮೆಯ ಪೆನ್ನಾಗರಂ ಆಚೆ, ಕಾಡಂಚಿನಲ್ಲಿ ನಮ್ಮ ಕುರಿದೊಡ್ಡಿ. ಸುತ್ತ ಮುಳ್ಳುಬೇಲಿ, ಬಾಗಿಲಿಗೆ ಬಿದಿರಿನ ತಡಿಕೆ. ಎದುರಿಗೇ ನನ್ನ ಗುಡಿಸಲು. ಗಂಡ ಸಿದ್ದಪ್ಪ ಸತ್ತ ಮೇಲೆ ಅಲ್ಲಿದ್ದದ್ದು ನಾನು, ಕುರಿ, ಕರಿಯ ಅನ್ನುವ ನಾಯಿ. ಮಗಳು ರತ್ನಿ ಪೆನ್ನಾಗರದಲ್ಲಿ ಗಂಡನ ಜೊತೆ ಇದ್ದಳು. ಕುರಿ ಹೋದರೆ ನಾನು ಅವಳ ಮನೆಯ ಮೂಲೆಯಲ್ಲಿ ಕೂತು ತಟ್ಟೆ ಚಾಚಬೇಕು. ಅದಕ್ಕಿಂತ ಸಾಯುವುದು ವಾಸಿ ಅಂದುಕೊಂಡಿದ್ದೆ.

ಆ ವರ್ಷ ಕುರಿಗಳ್ಳರ ಕಾಟ. ಎಳೆದೊಯ್ದರೆ ಕುರಿ ಅರಚುತ್ತದೆ ಅಂತ ದೊಡ್ಡಿಯೊಳಗೇ ಕತ್ತು ಕೊಯ್ದು, ಹೆಣ ಹೊತ್ತು ವ್ಯಾನಿಗೆ ಹಾಕುತ್ತಿದ್ದರು. ಪಕ್ಕದ ಹಳ್ಳಿಯಲ್ಲಿ ಅಡ್ಡ ಬಂದ ಮುದುಕನೊಬ್ಬನ ಕಾಲನ್ನೇ ಕಡಿದು ಹೋಗಿದ್ದರು.

ರತ್ನಿ ಹೆದರಿ ಕ್ಯಾಮೆರಾ ಹಾಕಿಸಿದಳು. ಹಾಕಲು ಬಂದವನು ಮುರುಗೇಸ. ನಡುವಯಸ್ಸಿನವನು, ಬಾಯಿ ಜಾಸ್ತಿ. ನನ್ನನ್ನು ತಮಿಳಿನಲ್ಲಿ ಪಾಟಿ, ಅಂದರೆ ಅಜ್ಜಿ, ಅನ್ನುತ್ತಿದ್ದ. ಬೇವಿನ ಮರಕ್ಕೆ ಅದನ್ನು ಬಿಗಿದು ಫೋನಿನಲ್ಲಿ ತೋರಿಸಿದ. ದೊಡ್ಡಿ, ಬಾಗಿಲು, ನನ್ನ ಗುಡಿಸಲು, ಎಲ್ಲವೂ ಅದರಲ್ಲಿ ಕಾಣುತ್ತಿತ್ತು. ಬಾಗಿಲಿಗೆ ಅಡ್ಡವಾಗಿ ಬೆರಳಿನಲ್ಲೇ ಒಂದು ಗೆರೆ ಎಳೆದ. ಗೆರೆಯ ಮೇಲೆ ಒಳಮುಖವಾಗಿ ಒಂದು ಬಾಣ.

"ಪಾಟೀ, ಇದು ಕುರಿಗ್ ಕೂಗಲ್ಲ, ನಾಯಿಗ್ ಕೂಗಲ್ಲ. ಆಳು ಆಚೆಯಿಂದ ಒಳೀಕೆ ಗೆರೆ ದಾಟುದ್ರೆ ಮಾತ್ರ ಸೈರನ್ ಒಡೀತೈತೆ. ಬೆಳ್ಳಗೆ ಲೈಟು ಪಳಪಳ ಅಂತೈತೆ. ರತ್ನಕ್ಕನ ಫೋನ್ಗೂ ಓಗ್ತೈತೆ."

"ಒಳಗಿಂದ ಆಚೀಕೆ ಓದ್ರೆ?"

"ಸುಮ್ಕಿರ್ತೈತೆ. ಒಳಗಿರೋಳು ನೀನೇ ತಾನೆ?"

ಈಗ ಕಂಬಳಿಯ ಮಾತು. ನಮ್ಮ ಮನೆತನದಲ್ಲಿ ಒಂದು ರೂಢಿ ಇದೆ. ದೊಡ್ಡಿಯ ಯಜಮಾನ ಸತ್ತರೆ ಅವನ ಕರಿಕಂಬಳಿಯನ್ನು ಸುಡುವುದಿಲ್ಲ, ತೊಳೆಯುವುದೂ ಇಲ್ಲ. ಪ್ರತಿ ಸಂಜೆ ಕುರಿ ಕೂಡಿದ ಮೇಲೆ ತಡಿಕೆಯ ಮುಂದೆ ಅಡ್ಡ ಹಾಸುತ್ತೇವೆ. ಬೆಳಿಗ್ಗೆ ಎತ್ತಿ ಮಡಿಸಿದ ಮೇಲೇ ಬಾಗಿಲು. ಅದನ್ನು ಯಾರೂ ದಾಟುವುದಿಲ್ಲ, ತುಳಿಯುವುದಿಲ್ಲ. ಸಿದ್ದಪ್ಪನ ಕಂಬಳಿಯನ್ನು ನಾನು ಹನ್ನೊಂದು ವರ್ಷ ಹಾಸಿದ್ದೆ. ಪ್ರೀತಿಯಿಂದಲ್ಲ. ಅವನು ಕುರಿಗೆ ಒಳ್ಳೆಯವನು, ನನಗಲ್ಲ. ಹೊಡೆಯುವ ಮೊದಲು ಕೋಲನ್ನು ನೆಲಕ್ಕೆ ಎರಡು ಸಲ ಕುಟ್ಟುತ್ತಿದ್ದ. ಟಕ್... ಟಕ್. 

ಕ್ಯಾಮೆರಾ ಹಾಕಿದ ರಾತ್ರಿಯೇ ಸೈರನ್ ಹೊಡೆಯಿತು. ಎದ್ದು ನೋಡಿದರೆ ಯಾರೂ ಇಲ್ಲ. ಮರುರಾತ್ರಿಯೂ ಅದೇ. ಮುರುಗೇಸ ಬಂದು ಫೋನು ನೋಡಿ ನಕ್ಕ. ಯಂತ್ರಕ್ಕೆ ಮನುಷ್ಯ ಕಂಡರೆ ಸುತ್ತ ಒಂದು ಹಸಿರು ಚೌಕ ಬರೆಯುತ್ತದಂತೆ. ಚೌಕ ಇದ್ದದ್ದು ಕಂಬಳಿಯ ಮೇಲೆ.

"ಪಾಟೀ, ನಿಮ್ಮ ಯಜಮಾನ್ರು ಇನ್ನೂ ಡ್ಯೂಟಿ ಮಾಡ್ತಾವ್ರೆ!"

"ಬದ್ಕಿದ್ದಾಗ ಮಾಡಿದ್ರೆ ಸಾಕಾಗಿತ್ತು" ಅಂದೆ.

"ಗಾಳೀಗ್ ಕಂಬ್ಳಿ ಎದ್ದೇಳ್ತೈತೆ. ಮಿಷಿನ್ಗೆ ಮಲಗಿರೋ ಆಳು ಅನ್ಸುತ್ತೆ. ಅದನ್ನ ತೆಗ್ದಿಕ್ಕು."

"ಆಗಲ್ಲ."

"ಅಂಗಾರೆ ಕಂಬ್ಳಿ ಇರೋ ಜಾಗಾನ ಮಾತ್ರ ಕುರುಡು ಮಾಡ್ತೀನಿ. ಅದರ ಎರಡು ಪಕ್ಕದಾಗೂ ಕಾವಲಿರ್ತೈತೆ. ಆದ್ರೆ ಯಾವನಾನ ಕಂಬ್ಳಿ ಮ್ಯಾಲೇ ದಾಟಿ ಬಂದ್ರೆ ಕೂಗಲ್ಲ. ಆಮ್ಯಾಲೆ ನನ್ನ ಬಯ್ಬೇಡ."

"ಅದನ್ನ ಯಾವನ್ಲಾ ದಾಟ್ತಾನೆ?" ಅಂದೆ.

ನಾನು ಮಾಡಿದ ತಪ್ಪು ಅದೇ. ಕಳ್ಳನಿಗೆ ನಮ್ಮ ಮನೆಯ ರೂಢಿ ಗೊತ್ತಿರುತ್ತದೆ ಅಂದುಕೊಂಡೆ.

ಅಮಾವಾಸ್ಯೆ ಕಳೆದ ಎರಡನೇ ರಾತ್ರಿ. ಗಾಳಿ ಇರಲಿಲ್ಲ. ಕರಿಯ ಒಂದು ಸಲ ಬೊಗಳಿದ. ಆಮೇಲೆ ಸೌದೆ ಸೀಳಿದ ಹಾಗೆ ಒಂದು ಸದ್ದು... ಮತ್ತೆ ಬೊಗಳಲಿಲ್ಲ.

ಕಿವಿಕೊಟ್ಟೆ. ಕುರಿಗಳ ಗೊರಸಿನ ಸದ್ದು ಒಂದೇ ಮೂಲೆಗೆ ಒತ್ತುತ್ತಿತ್ತು. ನಡುವೆ ಗೊರಗೊರ ಅನ್ನುವ ಸದ್ದು. ಕುಯ್ದ ಕತ್ತಿನಿಂದ ಉಸಿರು ಬರುವ ಸದ್ದು ಅದು. ನಾನು ಎಷ್ಟೋ ಕುರಿ ಕುಯ್ದವಳು, ನನಗೆ ಗೊತ್ತು. ಹಸಿ ರಕ್ತದ ವಾಸನೆ ಗುಡಿಸಲಿಗೇ ಬಂತು. ಕ್ಯಾಮೆರಾ ಮಾತ್ರ ಬಾಯಿ ಬಿಡಲಿಲ್ಲ.

ಮಚ್ಚು ತೆಗೆದುಕೊಂಡು ಹೋದೆ. ತಡಿಕೆ ಪಕ್ಕಕ್ಕೆ ಬಿದ್ದಿತ್ತು. ಕಂಬಳಿಯ ಮೇಲೆ ಚುಕ್ಕಿ ಬೆಳಕಿಗೆ ಮಿನುಗುವ ರಕ್ತದ ಹೆಜ್ಜೆಗಳು. ಕರಿಯ ಅಲ್ಲೇ ಬಿದ್ದಿದ್ದ, ತಲೆ ಎರಡು ಹೋಳು. ನಾನು ಕಂಬಳಿಯನ್ನು ದಾಟಲಿಲ್ಲ. ಬೇಲಿಯ ಸಂದಿಯಲ್ಲಿ ಮುಳ್ಳು ತರಚಿಕೊಂಡು ಒಳಗೆ ನುಗ್ಗಿದೆ.

ಇಬ್ಬರಿದ್ದರು. ಬಗ್ಗಿದ್ದವನ ತೋಳಿಗೆ ಬೀಸಿದೆ. ಮಚ್ಚು ಮೂಳೆಗೆ ಕಚ್ಚಿಕೊಂಡಿತು. ಅವನು ಊಳಿಟ್ಟು ಮಚ್ಚಿನ ಸಮೇತ ಉರುಳಿದ, ಎದ್ದು ಬೇಲಿ ಹಾರಿ ಓಡಿದ. ಇನ್ನೊಬ್ಬ ರಾಡಿನಿಂದ ನನ್ನ ಪಕ್ಕೆಗೆ ಬಾರಿಸಿದ. ಬಿದ್ದೆ. ಸತ್ತ ಕುರಿಯ ಮೇಲೇ ಬಿದ್ದೆ, ಇನ್ನೂ ಬಿಸಿ ಇತ್ತು. ಅವನು ನನ್ನ ಎದೆಯ ಮೇಲೆ ಕೂತು ಕತ್ತಿಗೆ ಚೂರಿ ಇಟ್ಟ.

"ಕಿಳವಿ, ಸತ್ತಂ ಪೋಡಾದೆ." ಮುದುಕಿ, ಸದ್ದು ಮಾಡಬೇಡ ಅಂದ.

ಚರ್ಮ ಹರಿಯುವುದು ತಿಳಿಯಿತು. ನೋವಿಲ್ಲ, ತಣ್ಣಗೆ. ಆಯಿತು, ಇಷ್ಟೇ ಅಂದುಕೊಂಡೆ.

ಟಕ್... ಟಕ್.

ಬಾಗಿಲ ಕಡೆಯಿಂದ ಬಂತು. ಹಿಂದೆಯೇ ಬೀಡಿಯ ವಾಸನೆ, ನೆನೆದ ಉಣ್ಣೆಯ ವಾಸನೆ. ಅದೇ ಗಳಿಗೆಗೆ ಸೈರನ್ ಹೊಡೆದುಕೊಂಡಿತು, ಬಿಳಿ ಬೆಳಕು ಹೊತ್ತಿ ಆರಿ ಹೊತ್ತಿ ಆರಿ...

ಒಂದು ಬೆಳಕಿನಲ್ಲಿ ಅವನು ನನ್ನ ಮೇಲಿದ್ದ. ಮುಂದಿನ ಬೆಳಕಿನಲ್ಲಿ ಇರಲಿಲ್ಲ. ಆಮೇಲಿನದರಲ್ಲಿ ಬೇಲಿಯ ಹತ್ತಿರ ಮಂಡಿಯೂರಿದ್ದ, ಮೊಣಕೈ ಹಿಂದುಮುಂದಾಗಿತ್ತು. ಕತ್ತಲಲ್ಲಿ ಏಟಿನ ಸದ್ದು. ಬೆಳಕಾದರೆ ಅವನೊಬ್ಬನೇ. ಮತ್ತೆ ಕತ್ತಲು, ಮತ್ತೆ ಏಟು. ಹಲ್ಲುಗಳು ನೆಲಕ್ಕೆ ಉದುರುವುದು ಆ ಗದ್ದಲದಲ್ಲೂ ಕೇಳಿಸಿತು.

"ಅಯ್ಯಾ, ವಿಟ್ರುಂಗ ಅಯ್ಯಾ... ಅಯ್ಯಾ..."

ಬಿಟ್ಟುಬಿಡಿ ಅಯ್ಯಾ ಅನ್ನುತ್ತಿದ್ದ. ಅಲ್ಲಿದ್ದದ್ದು ಹೆಂಗಸು ನಾನೊಬ್ಬಳೇ.

ಅವನು ತೆವಳಿಕೊಂಡು ಬೇಲಿಯ ಕೆಳಗೆ ನುಸುಳಿ ಹೋದ. ಏಟು ನಿಂತಿತು. ನನಗೆ ಸಮಾಧಾನವಾಗಬೇಕಿತ್ತು.

ಟಕ್... ಟಕ್.

ಈ ಸಲ ನನ್ನ ಕಡೆಗೆ ಬರುತ್ತಿತ್ತು.

ನಲವತ್ತು ವರ್ಷ ಸಂಸಾರ ಮಾಡಿದವಳಿಗೆ ಯಾವಾಗ ಓಡಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಬಂದ ಬೇಲಿಯ ಸಂದಿಯಲ್ಲೇ ನುಗ್ಗಿ ಓಡಿದೆ. ಗುಡಿಸಲ ಹೊಸ್ತಿಲಲ್ಲಿ ಎಡ ಭುಜದ ಮೇಲೆ ಬಿತ್ತು. ಒಂದೇ ಏಟು, ಹಿಂದಿನಿಂದ. ಮೂಳೆ ಲಟಕ್ಕೆಂದಿತು. ಒಳಗೆ ಬಿದ್ದು ಕಾಲಿನಿಂದ ಬಾಗಿಲು ಒದ್ದು ಮುಚ್ಚಿ ಬೆನ್ನು ಕೊಟ್ಟು ಕೂತೆ.

ಫೋನು ಬಡಿದುಕೊಂಡಿತು. ರತ್ನಿ.

"ಅವ್ವಾ! ಎಲ್ಲಿದೀಯ?"

"ಒಳಗೆ."

"ಅಲ್ಲೇ ಇರು. ಆಳು ಕಳ್ಸಿವ್ನಿ, ನಾನೂ ಬತ್ತಾ ಇವ್ನಿ. ಬಾಗ್ಲು ತೆಗೀಬೇಡ. ನಿನ್ನ ಬಾಗ್ಲ ಮುಂದೆ ಯಾರೋ ನಿಂತವ್ರೆ."

"ಯಾರು?"

ಅವಳು ಚಿತ್ರ ನೋಡಲು ಫೋನು ಕಿವಿಯಿಂದ ತೆಗೆದಿರಬೇಕು, ದನಿ ದೂರವಾಯಿತು. 

"ಚೌಕ ಕಾಣ್ತೈತೆ ಅವ್ವಾ... ಚೌಕದೊಳಗೆ ಆಳಿಲ್ಲ."

ನನ್ನ ಬೆನ್ನಿಗೆ ತಾಗಿದ ಹಲಗೆಯ ಆಚೆ ಬೀಡಿ ವಾಸನೆ. ಜನ ಟಾರ್ಚು ಹಿಡಿದು ಬರುವವರೆಗೂ ಅದು ಹೋಗಲಿಲ್ಲ.

ನನ್ನ ಕತ್ತಿಗೆ ಚೂರಿ ಇಟ್ಟು ರಸ್ತೆಯ ಪಕ್ಕದಲ್ಲಿ ಸಿಕ್ಕ ಕಳ್ಳ ಎರಡು ಕೈಯೂ ಮುರಿದುಕೊಂಡು ಬದುಕಿಕೊಂಡ. ಕೋಲು ಹಿಡಿದ ಒಬ್ಬ ಮುದುಕ ಹೊಡೆದ ಅಂತ ಧರ್ಮಪುರಿ ಆಸ್ಪತ್ರೆಯಲ್ಲಿ ಹೇಳಿದನಂತೆ. ಯಾರಮ್ಮ ಆ ಮುದುಕ ಅಂತ ಪೊಲೀಸಿನವರು ನನ್ನನ್ನು ಕೇಳಿದರು. ನನ್ನ ಗಂಡ, ಸತ್ತು ಹನ್ನೊಂದು ವರ್ಷವಾಯಿತು ಅಂದೆ. ಅವರು ನಕ್ಕರು. ನನ್ನ ಭುಜ ಮುರಿದದ್ದೂ ಕಳ್ಳನ ರಾಡಿನಿಂದಲೇ ಅಂತ ಬರೆದುಕೊಂಡರು. ಇವತ್ತಿಗೂ ರಾತ್ರಿ ಯಾರಾದರೂ ಏನಾದರೂ ಕುಟ್ಟಿದರೆ ನಾನು ಗೋಡೆಗೆ ಬೆನ್ನು ಕೊಟ್ಟು ಕೂರುತ್ತೇನೆ.

ಅದೆಲ್ಲ ಆಮೇಲಿನ ಮಾತು. ಮಾರನೆಯ ಬೆಳಿಗ್ಗೆ ಮುರುಗೇಸ ಬಂದ. ಕತ್ತಿಗೆ ಬಟ್ಟೆ ಸುತ್ತಿಕೊಂಡು, ಕೈಯನ್ನು ಸೀರೆಯಲ್ಲಿ ಕಟ್ಟಿಕೊಂಡು ನಾನು ಕೂತಿದ್ದೆ. ಪಕ್ಕದಲ್ಲಿ ರತ್ನಿ. ಅವನು ಫೋನಿನಲ್ಲಿ ರಾತ್ರಿಯ ಚಿತ್ರ ಓಡಿಸಿದ. ಕಳ್ಳರಿಬ್ಬರೂ ಕಂಬಳಿಯ ಮೇಲೆ ಕಾಲಿಟ್ಟೇ ಒಳಗೆ ಬಂದಿದ್ದರು, ಯಂತ್ರ ಕೂಗಿರಲಿಲ್ಲ. ಅದು ಕೂಗಿದ್ದು ಒಂದೇ ಸಲ. ಕಂಬಳಿಯ ಪಕ್ಕದ ಬರಿ ನೆಲದಲ್ಲಿ ಒಂದು ಹಸಿರು ಚೌಕ ಎದ್ದು ನಿಂತಿತು, ಗೆರೆ ದಾಟಿತು. ಒಳಗೆ ಹೋಯಿತು. ಆಮೇಲೆ ಹೊರಗೆ ಬಂತು. ಬಾಣ ಒಳಮುಖ ಇದ್ದದ್ದರಿಂದ ಆಗ ಯಂತ್ರಕ್ಕೆ ಏನೂ ಅನ್ನಿಸಲಿಲ್ಲ. ನೆಟ್ಟಗೆ ನನ್ನ ಬಾಗಿಲಿಗೆ ನಡೆಯಿತು.

"ಯಾವ್ದೋ ಹುಳ ಇರ್ಬೇಕು, ಪಾಟೀ. ಇಲ್ಲಾಂದ್ರೆ ದೂಳು" ಅಂದ. ರತ್ನಿ ಕೊಟ್ಟ ಕಾಫಿಯನ್ನು ಕುಡಿಯದೆ ಕೆಳಗಿಟ್ಟ. "ಕುರುಡು ಜಾಗ ತೆಗ್ದಾಕಿ ಬಾಗಿಲ್ಗೆ ಪೂರಾ ಗೆರೆ ಎಳೀಲಾ?"

"ಬ್ಯಾಡ" ಅಂದೆ. "ದೊಡ್ಡೀನ ಅವ್ನು ನೋಡ್ಕಂತಾನೆ."

ಎದ್ದು ಹೋಗಿ, ರಕ್ತ ಒಣಗಿ ಹಲಗೆಯಾಗಿದ್ದ ಕಂಬಳಿಯನ್ನು ಒಂದೇ ಕೈಯಲ್ಲಿ ಮಡಿಸಿಟ್ಟೆ. ಸಂಜೆ ಮತ್ತೆ ಹಾಸಬೇಕಿತ್ತು. ಆಮೇಲೆ ಮುರುಗೇಸನ ಫೋನು ಕಸಿದುಕೊಂಡು, ದೊಡ್ಡಿಗೂ ನನ್ನ ಗುಡಿಸಲಿಗೂ ನಡುವೆ, ನನ್ನ ಹೊಸ್ತಿಲ ಉದ್ದಕ್ಕೂ, ಹೆಬ್ಬೆಟ್ಟಿನಿಂದ ನಾನೇ ಒಂದು ಗೆರೆ ಎಳೆದೆ, ಬಾಣ ನನ್ನ ಬಾಗಿಲ ಕಡೆಗೆ.