ಒಲೆ ಹಚ್ಚದ ದಿನ ಬಂದವರು

ಹಬ್ಬದ ದಿನ ನಮ್ಮ ಬೀದಿಗೆ ಬಂದವರು ಮೋಸ ಹೋಗುತ್ತಾರೆ ನೋಡಿ. ಮೊನ್ನೆ ರಂಜಾನಿನ ದಿನ ನೆರೆಯ ಷಫಿ ಸಾಬರ ಮನೆಯಿಂದ ಬಂದ ಶೀರ್ ಖುರ್ಮಾ ಕುಡಿಯುತ್ತಾ ಬಾಗಿಲಲ್ಲಿ ನಿಂತಿದ್ದೆ. ಸ್ಕೂಟರಿನಲ್ಲಿ ಬಂದ ಹೊಸ ಜೋಡಿಯೊಂದು ಎದುರಿನ ಖಾಲಿ ಸೈಟಿನ ಮುಂದೆ ಇಳಿಯಿತು. "ಎಷ್ಟು ಒಳ್ಳೆ ಗಾಳಿ! ಆಂಟಿ, ಈ ಏರಿಯಾಗೆ ಫ್ಯೂಚರ್ ಇದೆಯಾ?" ಎಂದು ಹುಡುಗಿ ಕೇಳಿದಳು. ನನಗೆ ಖುರ್ಮಾ ನೆತ್ತಿಗೆ ಹತ್ತಿತು.

ಫ್ಯೂಚರ್! ಆ ಮಾತನ್ನು ನಮ್ಮಪ್ಪನಷ್ಟು ಬಳಸಿದವರು ಇಡೀ ಶಿಡ್ಲಘಟ್ಟದಲ್ಲಿ ಇನ್ನೊಬ್ಬರಿರಲಿಲ್ಲ. ಎಂಬತ್ತರ ದಶಕದಲ್ಲಿ ಊರ ಕೊನೆಯ ಈ ಬೀದಿಯಲ್ಲಿ ಮನೆ ಕಟ್ಟಿಸಿದರು. ದೀಪವಿಲ್ಲ, ಚರಂಡಿಯಿಲ್ಲ. ಸುತ್ತಲೂ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವವರ ಮನೆಗಳು. ಬೆಂದ ಹುಳುವಿನ ಆ ವಾಸನೆ ಇದೆಯಲ್ಲ, ರಾಮ ರಾಮ! ನಮ್ಮ ಮೂಗಿಗೇನೋ ಅದು ಎಂದೋ ಒಗ್ಗಿಹೋಗಿತ್ತು.

"ಹತ್ತು ವರ್ಷ ತಡ್ಕೊಳೇ, ಇಲ್ಲಿ ಸರ್ಕಲ್ ಬರುತ್ತೆ, ಪಾರ್ಕ್ ಬರುತ್ತೆ" ಎನ್ನುತ್ತಿದ್ದರು ಅಪ್ಪ.

"ಮೊದ್ಲು ಮಗಳಿಗೆ ಗಂಡು ಬರ್ಲಿ" ಎನ್ನುತ್ತಿದ್ದಳು ಅಮ್ಮ.

ಗಂಡಿನ ಕಡೆಯವರೇನೋ ಬರುತ್ತಿದ್ದರು. ಮೂಗಿಗೆ ಕರ್ಚೀಫು ಹಿಡಿದೇ ಉಪ್ಪಿಟ್ಟು ಮುಗಿಸಿ, ಕಾಗದ ಹಾಕ್ತೀವಿ ಎಂದು ಹೇಳಿಹೋಗಿ ನಾಪತ್ತೆಯಾಗುತ್ತಿದ್ದರು. ಕರ್ಚೀಫು ತೆಗೆಯದೆ ಉಪ್ಪಿಟ್ಟು ತಿನ್ನುವ ಆ ವಿದ್ಯೆ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅವರ ಮುಂದೆ ನಗು ತಡೆದುಕೊಳ್ಳುತ್ತಿದ್ದೆ, ಅವರು ಹೋದ ಮೇಲೆ ಹಿತ್ತಲಿಗೆ ಹೋಗಿ ಅಳುತ್ತಿದ್ದೆ.

ಗೌರಿಬಿದನೂರಿನವರು ಬರುವ ಹಿಂದಿನ ದಿನ ಅಮ್ಮ ಕಾಂಪೌಂಡಿನ ಬಳಿ ನಿಂತು, ನೂಲು ತೆಗೆಯುವ ಷಫಿ ಸಾಬರಿಗೆ ಗೋಳು ತೋಡಿಕೊಂಡಳು. "ಅಷ್ಟೇನಾ ಅಕ್ಕಾ? ನಾಳೆ ಬೀದೀಲಿ ಯಾರೂ ಒಲೆ ಹಚ್ಚಲ್ಲ ಬಿಡಿ. ನಮ್ಮ ಹುಡುಗಿ ಅಲ್ವಾ?" ಎಂದರು ಅವರು. ಗೂಡು ತಂದಿಟ್ಟ ಮೇಲೆ ಕೆಲಸ ನಿಲ್ಲಿಸುವುದು ಸುಲಭವಲ್ಲ, ಒಳಗಿನ ಹುಳು ಕಾಯುವುದಿಲ್ಲ, ಚಿಟ್ಟೆಯಾಗಿ ಗೂಡು ತೂತು ಮಾಡಿಬಿಡುತ್ತದೆ. ಆದರೂ ಮಾರನೆಯ ದಿನ ಒಂದೇ ಒಂದು ಒಲೆ ಉರಿಯಲಿಲ್ಲ.

ಗಂಡಿನ ತಂದೆ ಎದೆತುಂಬ ಉಸಿರೆಳೆದು, "ಏನ್ ಗಾಳಿ ಸ್ವಾಮಿ!" ಎಂದರು. ಅಪ್ಪ ಅಲ್ಲಿಗೇ ಸುಮ್ಮನಾಗಬೇಕೋ ಬೇಡವೋ? ಸರ್ಕಲ್ಲು, ಪಾರ್ಕು ಎಲ್ಲವನ್ನೂ ಮಾತಿನಲ್ಲೇ ಕಟ್ಟಿ ತೋರಿಸಿದರು. ಕಾಫಿ ಮುಗಿಯುವಷ್ಟರಲ್ಲಿ ಆ ಮನುಷ್ಯ ನನ್ನನ್ನೂ ಒಪ್ಪಿ, ನಮ್ಮ ಪಕ್ಕದ ಸೈಟನ್ನೂ ಒಪ್ಪಿಬಿಟ್ಟಿದ್ದರು!

ಮದುವೆಯಾಯಿತು. ಸೈಟಿನ ಗುದ್ದಲಿಪೂಜೆಗೆ ಮಾವ ಬಂದಾಗ ಬೀದಿಯ ಒಲೆಗಳೆಲ್ಲ ಧಗಧಗ ಉರಿಯುತ್ತಿದ್ದವು. ಅವರು ಮೂಗು ಮುಚ್ಚಿಕೊಂಡು, "ಏನ್ರೀ ಇದು? ನಮಗೆ ಮೋಸ ಮಾಡಿದ್ರಾ?" ಎಂದರು. ಅಪ್ಪ ಪೂಜೆಯ ತಟ್ಟೆ ಸರಿಮಾಡತೊಡಗಿದರು. ಇನ್ನು ನನ್ನನ್ನು ಇಲ್ಲೇ ಬಿಟ್ಟುಹೋಗುತ್ತಾರೆ ಎಂದುಕೊಂಡೆ.

ಆಗ ನಮ್ಮವರು, ಅದುವರೆಗೆ ನಾಲ್ಕು ಮಾತು ಜೋಡಿಸಿ ಆಡದ ಮನುಷ್ಯ, "ನಂಗೆ ಗೊತ್ತಿತ್ತಪ್ಪ. ಹುಡುಗಿ ನೋಡೋ ಶಾಸ್ತ್ರಕ್ಕೆ ಮುಂಚೆನೇ ಒಂದಿನ ಬಂದು ದೂರದಿಂದ ಇವಳನ್ನ ನೋಡ್ಕೊಂಡು ಹೋಗಿದ್ದೆ. ಅವತ್ತೂ ಹಿಂಗೇ ವಾಸನೆ ಇತ್ತು" ಎಂದರು.

ಮಾವ ಮಗನನ್ನು ನೋಡಿದರು, ನನ್ನನ್ನು ನೋಡಿದರು, ಗೊಣಗುತ್ತಲೇ ಗುದ್ದಲಿ ಎತ್ತಿಕೊಂಡರು. ಜನರೆಲ್ಲ ಇಲ್ಲದಿದ್ದರೆ ಗಂಡನನ್ನು ಅಲ್ಲೇ ತಬ್ಬಿಕೊಳ್ಳುತ್ತಿದ್ದೆ, ಅಷ್ಟು ಸಂತೋಷವಾಗಿತ್ತು. ಅವತ್ತು ಶುರುವಾದ ಮನೆಯ ಬಾಗಿಲಲ್ಲೇ ಮೊನ್ನೆ ನಾನು ನಿಂತಿದ್ದು.

ಸರ್ಕಲ್ಲೂ ಬರಲಿಲ್ಲ, ಪಾರ್ಕೂ ಬರಲಿಲ್ಲ. ಆದರೂ ಆ ಹುಡುಗಿಯ ಮುಂದೆ ಅಪ್ಪನ ಹಾಗೆಯೇ ಬಣ್ಣ ಹಚ್ಚಿ ಹೇಳಲು ಬಾಯಿ ತೆರೆದೆ. ತೆರೆದವಳು, "ಹಬ್ಬ ಕಳೀಲಿ, ಒಲೆ ಹಚ್ಚಿದ್ಮೇಲೆ ಒಂದ್ಸಲ ಬಾರಮ್ಮ. ಆಮೇಲೆ ನೀನೇ ಹೇಳು" ಎಂದೆ.

ಇವತ್ತು ಬೆಳಿಗ್ಗೆ ಬಂದಿದ್ದಳು. ಒಂದು ಕೈಯಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು, ಇನ್ನೊಂದು ಕೈಯಲ್ಲಿ ಅಳತೆ ಟೇಪಿತ್ತು.